ಗಿರಾಕಿ ದೇಶವಾದಾಗ: ಅಮೆರಿಕದ ಫಾರಿನ್ ಮಿಲಿಟರಿ ಸೇಲ್ಸ್ ಸೇವೆಯ ಒಂದು ವಿಮರ್ಶೆ

ಇದು ನಾನಾಗಲಿ ನೀವಾಗಲಿ ಬಾಗಿಲು ತಳ್ಳಿಕೊಂಡು ಒಳಗೆ ಹೋಗಬಹುದಾದ ಅಂಗಡಿಯಲ್ಲ. ಇಲ್ಲಿ ಗಿರಾಕಿಯಾಗಬೇಕಾದರೆ ದೇಶವಾಗಿರಬೇಕು, ಇಲ್ಲವೇ ನ್ಯಾಟೊದಂಥ ಸಂಸ್ಥೆಯಾಗಿರಬೇಕು. ಜೊತೆಗೆ, ಆ ದೇಶಕ್ಕೆ ಆಯುಧ ಮಾರುವುದರಿಂದ ಅಮೆರಿಕದ ಭದ್ರತೆ ಬಲಗೊಳ್ಳುತ್ತದೆ ಎಂದು ಅಲ್ಲಿನ ಅಧ್ಯಕ್ಷರು ಮೊದಲೇ ತೀರ್ಮಾನಿಸಿರಬೇಕು. ಹಾಗಿದ್ದರೂ ಫಾರಿನ್ ಮಿಲಿಟರಿ ಸೇಲ್ಸ್, ಅಂದರೆ ಎಫ್‌ಎಂಎಸ್ ಎಂಬ ಈ ವ್ಯವಸ್ಥೆಯನ್ನು ಯಾವುದೇ ಸೇವೆಯಂತೆಯೇ ವಿಮರ್ಶಿಸಲು ಅಡ್ಡಿಯಿಲ್ಲ. ಇದಕ್ಕೆ ಕೋರಿಕೆ ಪತ್ರವಿದೆ, ಮುಂಗಡವಿದೆ, ಕಂತುಗಳಿವೆ, ಸೇವಾ ಶುಲ್ಕವಿದೆ, ಸರದಿಯಿದೆ, ಮಾಲು ಕೆಟ್ಟು ಬಂದರೆ ತಕರಾರು ಸಲ್ಲಿಸುವ ನಮೂನೆಯೂ ಇದೆ. ಕರಾರಿನ ಸಾಮಾನ್ಯ ಷರತ್ತುಗಳು ಯಾರು ಬೇಕಾದರೂ ಓದುವಂತೆ ಪ್ರಕಟವಾಗಿವೆ. 2023ರ ಹಣಕಾಸು ವರ್ಷದಲ್ಲಿ 8,090 ಕೋಟಿ ಡಾಲರ್ ಇದ್ದ ಇದರ ವಹಿವಾಟು 2024ರಲ್ಲಿ 11,790 ಕೋಟಿ ಡಾಲರಿಗೆ ಏರಿತು. ಇಷ್ಟು ದೊಡ್ಡ ಸೇವೆಯ ಗಿರಾಕಿಗಳು ನಿಜವಾಗಿ ಏನನ್ನು ಕೊಳ್ಳುತ್ತಿದ್ದಾರೆ ಎಂಬುದೇ ಇಲ್ಲಿ ನನ್ನ ಪ್ರಶ್ನೆ.

ಮೊದಲು ತಿಳಿಯಬೇಕಾದದ್ದು, ಇಲ್ಲಿ ಮಾರುವವರು ಕಂಪನಿಯವರಲ್ಲ ಎಂಬುದು. ವಿಮಾನ ತಯಾರಿಸುವ ಸಂಸ್ಥೆಯಿಂದ ಒಂದು ದೇಶ ನೇರವಾಗಿ ಕೊಂಡರೆ ಅದು ವಾಣಿಜ್ಯ ಮಾರಾಟ. ಅದರ ದಾರಿಯೇ ಬೇರೆ. ಎಫ್‌ಎಂಎಸ್‌ನಲ್ಲಿ ಕೊಳ್ಳುವ ದೇಶ ಅಮೆರಿಕ ಸರ್ಕಾರದೊಂದಿಗೆ ಕರಾರು ಮಾಡಿಕೊಳ್ಳುತ್ತದೆ, ಅಮೆರಿಕದ ಸೇನೆ ಆ ದೇಶದ ಪರವಾಗಿ ಕಾರ್ಖಾನೆಯೊಂದಿಗೆ ಇನ್ನೊಂದು ಕರಾರು ಮಾಡಿಕೊಳ್ಳುತ್ತದೆ, ಮತ್ತು ಆ ಎರಡನೆಯ ಕರಾರು ಸೇನೆ ತನಗಾಗಿ ಕೊಳ್ಳುವಾಗ ಪಾಲಿಸುವ ನಿಯಮಗಳ ಪ್ರಕಾರವೇ ನಡೆಯುತ್ತದೆ. ಈ ಸೇವೆಯ ಗುಣಗಳೂ ದೋಷಗಳೂ ಬಹುಪಾಲು ಈ ಒಂದೇ ಬೇರಿನಿಂದ ಚಿಗುರಿದವು. ತನ್ನ ಸೈನಿಕರಿಗೆ ಕೊಳ್ಳುವ ಎಚ್ಚರದಲ್ಲೇ ನಿಮಗೂ ಕೊಳ್ಳುತ್ತಾರೆ. ತನಗೆ ಆಗುವ ವಿಳಂಬವನ್ನೇ ನಿಮಗೂ ದಾಟಿಸುತ್ತಾರೆ. ತನ್ನ ಹಿತಕ್ಕೆ ಬಾಧಕವೆಂದು ಕಂಡ ದಿನ ಕೈ ಹಿಂದೆಗೆಯುತ್ತಾರೆ.

ಇದಕ್ಕೆಲ್ಲ ಆಧಾರ 1976ರ ಶಸ್ತ್ರಾಸ್ತ್ರ ರಫ್ತು ನಿಯಂತ್ರಣ ಕಾಯಿದೆ. ಮಾರಬೇಕೋ ಬೇಡವೋ ಎಂದು ನಿರ್ಧರಿಸುವುದು ವಿದೇಶಾಂಗ ಇಲಾಖೆ. ನಿರ್ಧಾರವಾದ ಮೇಲೆ ನಡೆಸಿಕೊಡುವುದು ಪೆಂಟಗನ್. ಪೆಂಟಗನ್ನಿನ ಪರವಾಗಿ ಒಟ್ಟು ಉಸ್ತುವಾರಿಯನ್ನು ರಕ್ಷಣಾ ಭದ್ರತಾ ಸಹಕಾರ ಏಜೆನ್ಸಿ ನೋಡಿಕೊಳ್ಳುತ್ತದೆ. ಆದರೆ ನಿಜವಾದ ಕೆಲಸ ಹಂಚಿಹೋಗಿದೆ: ಭೂಸೇನೆಯ ಸಾಮಗ್ರಿ ಬೇಕಾದವರು ಅಲಬಾಮಾದ ಹಂಟ್ಸ್‌ವಿಲ್ ಬಳಿಯ ರೆಡ್‌ಸ್ಟೋನ್ ಆರ್ಸೆನಲ್ಲಿನ ಕಚೇರಿಯೊಂದಿಗೆ, ವಿಮಾನ ಬೇಕಾದವರು ಒಹಾಯೊದ ರೈಟ್-ಪ್ಯಾಟರ್‌ಸನ್ ವಾಯುನೆಲೆಯೊಂದಿಗೆ, ನೌಕಾ ಸಾಮಗ್ರಿ ಬೇಕಾದವರು ವಾಷಿಂಗ್ಟನ್ನಿನ ನೌಕಾಪಡೆಯ ಕಚೇರಿಯೊಂದಿಗೆ ವ್ಯವಹರಿಸಬೇಕು. ಲೆಕ್ಕಪತ್ರ ಇಂಡಿಯಾನಾಪೊಲಿಸ್‌ನಲ್ಲಿ. ಮೂರೂ ಪಡೆಗಳಿಂದ ಒಟ್ಟಿಗೆ ಕೊಳ್ಳುವ ದೇಶದ ಅಧಿಕಾರಿ ಎಷ್ಟು ಊರುಗಳಿಗೆ ಪತ್ರ ಬರೆಯಬೇಕೆಂದು ಎಣಿಸಿಕೊಳ್ಳಿ.

ಆರ್ಡರು ಕೊಡುವ ಬಗೆ ಮಾತ್ರ ಅನಿರೀಕ್ಷಿತವಾಗಿ ಸರಳ. ಕೋರಿಕೆ ಪತ್ರಕ್ಕೆ ಕಟ್ಟುನಿಟ್ಟಾದ ನಮೂನೆಯಿಲ್ಲ. ಏನು, ಎಷ್ಟು, ಯಾವಾಗ ಬೇಕು ಎಂದು ಸ್ಪಷ್ಟವಾಗಿ ಬರೆದು, ಸಾಮಾನ್ಯವಾಗಿ ತಮ್ಮ ರಾಜಧಾನಿಯ ಅಮೆರಿಕನ್ ರಾಯಭಾರ ಕಚೇರಿಯಲ್ಲಿರುವ ಸೇನಾ ಅಧಿಕಾರಿಗಳ ಮೂಲಕ ಕಳುಹಿಸಿದರೆ ಸಾಕು. ಪತ್ರ ಸ್ಪಷ್ಟವಾಗಿರಬೇಕು ಎಂಬಲ್ಲೇ ತೊಡಕಿರುವುದು. ಯಾವ ಮಾದರಿಯ ರೇಡಾರ್, ಯಾವ ಆವೃತ್ತಿಯ ರೇಡಿಯೊ, ಎಷ್ಟು ವರ್ಷಕ್ಕಾಗುವಷ್ಟು ಬಿಡಿಭಾಗ ಎಂಬುದನ್ನು ಮೊದಲೇ ಬರೆಯದ ದೇಶಕ್ಕೆ ಪ್ರಶ್ನೆಗಳು ಬರುತ್ತವೆ, ಉತ್ತರ ಹೋಗುತ್ತದೆ, ಮತ್ತೆ ಪ್ರಶ್ನೆ ಬರುತ್ತದೆ, ಹೀಗೆ ತಿಂಗಳುಗಳು ಕಳೆಯುತ್ತವೆ. ಎಲ್ಲವೂ ಕೂಡಿಬಂದ ಮೇಲೆ ಬರುವುದು ಎಲ್‌ಒಎ, ಅಂದರೆ ಲೆಟರ್ ಆಫ್ ಆಫರ್ ಅಂಡ್ ಆಕ್ಸೆಪ್ಟೆನ್ಸ್. ಅದರಲ್ಲಿ ಸಾಲುಸಾಲಾಗಿ ಸಾಮಗ್ರಿ, ಅಂದಾಜು ಬೆಲೆ, ಕಂತುಗಳ ಪಟ್ಟಿ, ಮತ್ತು ಈ ಕೊಡುಗೆ ಯಾವ ದಿನದವರೆಗೆ ಊರ್ಜಿತ ಎಂಬ ಗಡುವು ಇರುತ್ತದೆ. ಗಡುವಿನೊಳಗೆ ಸಹಿ ಹಾಕಿ ಮುಂಗಡ ಕಟ್ಟಿದರೆ ಅದೇ ಪತ್ರ ಕರಾರಾಗುತ್ತದೆ. ಪ್ರತಿ ಕರಾರಿಗೂ ದೇಶದ ಎರಡಕ್ಷರ, ಪಡೆಯ ಒಂದಕ್ಷರ, ಕೊನೆಗೆ ಮೂರಕ್ಷರ ಸೇರಿದ ಒಂದು ಸಂಕೇತವಿರುತ್ತದೆ. ಭೂಸೇನೆಗೆ ಬಿ, ನೌಕಾಪಡೆಗೆ ಪಿ, ವಾಯುಪಡೆಗೆ ಡಿ. ಇದನ್ನು ಓದಲು ಕಲಿಸುವ ಪಾಠಪುಸ್ತಕಗಳಲ್ಲಿ ಬಂಡಾರಿಯಾ ಎಂಬ ಕಲ್ಪಿತ ದೇಶವೊಂದು ದಶಕಗಳಿಂದ ಅಮೆರಿಕದ ಆಯುಧಗಳನ್ನು ಕೊಳ್ಳುತ್ತಲೇ ಇದೆ. ಭೂಪಟದಲ್ಲಿಲ್ಲದ ಆ ದೇಶದಷ್ಟು ಒಳ್ಳೆಯ ಗಿರಾಕಿ ಈ ಸೇವೆಗೆ ಇನ್ನೊಬ್ಬರು ಸಿಕ್ಕಿರಲಾರರು.

ಈಗ ಬೆಲೆಯ ವಿಚಾರ. ಈ ವ್ಯವಹಾರದಲ್ಲಿ ಅಮೆರಿಕ ಸರ್ಕಾರ ಲಾಭ ಮಾಡಿಕೊಳ್ಳುವಂತಿಲ್ಲ, ನಷ್ಟಕ್ಕೂ ಒಳಗಾಗುವಂತಿಲ್ಲ ಎಂಬುದು ಇದರ ಮೂಲ ಸೂತ್ರ. ಮೊದಲ ಅರ್ಧ ಕೇಳಿ ಸಂತೋಷಪಡುವವರು ಎರಡನೆಯ ಅರ್ಧವನ್ನು ಎರಡು ಸಲ ಓದಬೇಕು. ಎಲ್‌ಒಎಯಲ್ಲಿ ನಮೂದಾಗಿರುವ ಬೆಲೆ ಅಂದಾಜು ಮಾತ್ರ. ಕೊನೆಗೆ ಖರ್ಚು ಅಂದಾಜನ್ನು ಮೀರಿದರೂ ಪೂರ್ತಿ ಮೊತ್ತವನ್ನು ಕೊಳ್ಳುವವರೇ ತುಂಬಿಕೊಡಬೇಕೆಂದು ಷರತ್ತು ಹೇಳುತ್ತದೆ. ಕಾರ್ಖಾನೆಯ ಬೆಲೆಯ ಮೇಲೆ ಆಡಳಿತ ಶುಲ್ಕವೂ ಸೇರುತ್ತದೆ: 2018ರಲ್ಲಿ ಅದನ್ನು ಶೇ 3.5ರಿಂದ 3.2ಕ್ಕೆ ಇಳಿಸಲಾಯಿತು. ಸಾಗಣೆ, ಪ್ಯಾಕಿಂಗು, ಕರಾರಿನ ಮೇಲ್ವಿಚಾರಣೆ ಇವಕ್ಕೆ ಬೇರೆ ಬಾಬತ್ತುಗಳು. ಪ್ರತಿ ಮೂರು ತಿಂಗಳಿಗೊಮ್ಮೆ ಇಂಡಿಯಾನಾಪೊಲಿಸ್‌ನಿಂದ ಬಿಲ್ಲು ಬರುತ್ತದೆ, ಮತ್ತು ಅದು ಆಗಿರುವ ಖರ್ಚಿಗಷ್ಟೇ ಅಲ್ಲ, ಮುಂದೆ ಆಗಲಿರುವ ಖರ್ಚಿಗೂ, ನಡುವೆ ಕರಾರು ಮುರಿದರೆ ಕಾರ್ಖಾನೆಗೆ ಕೊಡಬೇಕಾಗಬಹುದಾದ ಪರಿಹಾರಕ್ಕೂ ಸೇರಿ ಹಣ ಕೇಳುತ್ತದೆ. ಕಟ್ಟಿದ ಹಣ ಅಮೆರಿಕದ ಖಜಾನೆಯ ನಿಧಿಯೊಂದರಲ್ಲಿ ಕಾದಿರುತ್ತದೆ. ಒಟ್ಟಿನಲ್ಲಿ ಮಾಲು ಕಣ್ಣಿಗೆ ಬೀಳುವ ಎಷ್ಟೋ ಮೊದಲೇ ಹಣದ ದೊಡ್ಡ ಪಾಲು ಮಾರುವವರ ಬಳಿ ಇರುತ್ತದೆ.

ಎಲ್ಲ ಗಿರಾಕಿಗಳೂ ತಮ್ಮ ಜೇಬಿನಿಂದಲೇ ಕೊಡುವುದಿಲ್ಲ ಎಂಬುದನ್ನೂ ಹೇಳಬೇಕು. 2016ರಲ್ಲಿ ಆದ ಹತ್ತು ವರ್ಷದ ಒಪ್ಪಂದದಂತೆ ಇಸ್ರೇಲಿಗೆ 2019ರಿಂದ ವರ್ಷಕ್ಕೆ 330 ಕೋಟಿ ಡಾಲರ್ ಸೇನಾ ಅನುದಾನ ಸಿಗುತ್ತದೆ. ಈಜಿಪ್ಟಿಗೆ ಬಹುಕಾಲದಿಂದ ವರ್ಷಕ್ಕೆ 130 ಕೋಟಿ ಡಾಲರ್ ಮೀಸಲು. ಅಂಗಡಿಯವರೇ ಹಣ ಕೊಟ್ಟು ತಮ್ಮಲ್ಲೇ ಕೊಳ್ಳಲು ಹೇಳುವ ಈ ಪದ್ಧತಿಯ ವಿಮರ್ಶೆ ಬೇರೆಯೇ ಲೇಖನವಾಗುತ್ತದೆ.

ಇನ್ನು ಸೇವೆಯ ಗಟ್ಟಿ ಭಾಗಕ್ಕೆ ಬರೋಣ. ಟೋಟಲ್ ಪ್ಯಾಕೇಜ್ ಅಪ್ರೋಚ್ ಎಂದು ಇವರು ಕರೆಯುವ ಪದ್ಧತಿಯಲ್ಲಿ ಬರೀ ಆಯುಧ ಮಾರುವುದಿಲ್ಲ. ಅದನ್ನು ನಡೆಸಲು ಬೇಕಾದ ಎಲ್ಲವನ್ನೂ ಒಂದೇ ಪತ್ರದಲ್ಲಿ ಕಟ್ಟಿಕೊಡುತ್ತಾರೆ. ವಿಮಾನದ ಜೊತೆಗೆ ಮೊದಲ ವರ್ಷಗಳ ಬಿಡಿಭಾಗ, ದುರಸ್ತಿಯ ಉಪಕರಣ, ಪರೀಕ್ಷಾ ಯಂತ್ರ, ಕೈಪಿಡಿಗಳು, ತಂತ್ರಜ್ಞರ ಭೇಟಿ, ಪೈಲಟ್ಟುಗಳ ಹಾಗೂ ಮೆಕ್ಯಾನಿಕ್ಕುಗಳ ತರಬೇತಿ ಎಲ್ಲವೂ ಸೇರಿರುತ್ತವೆ. ಅಗ್ಗದ ವಿಮಾನ ಕೊಂಡು, ಎರಡೇ ವರ್ಷದಲ್ಲಿ ಬಿಡಿಭಾಗವಿಲ್ಲದೆ ಹ್ಯಾಂಗರಿನಲ್ಲಿ ನಿಲ್ಲಿಸಿದ ದೇಶಗಳ ಅವಸ್ಥೆಯನ್ನು ನೆನೆದರೆ ಇದರ ಬೆಲೆ ಗೊತ್ತಾಗುತ್ತದೆ. ತರಬೇತಿಯನ್ನು ಇಂಗ್ಲಿಷ್ ಅಕ್ಷರದಿಂದಲೇ ಆರಂಭಿಸಲೂ ಇವರು ಸಿದ್ಧ: ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದ ಲ್ಯಾಕ್‌ಲ್ಯಾಂಡ್ ನೆಲೆಯಲ್ಲಿ ವಿದೇಶಿ ಸೈನಿಕರಿಗೆ ಇಂಗ್ಲಿಷ್ ಕಲಿಸುವುದಕ್ಕೆಂದೇ ಒಂದು ಶಾಲೆಯಿದ್ದು, ಅಲ್ಲಿ ಭಾಷೆ ಕಲಿತವರು ಮುಂದೆ ತಾಂತ್ರಿಕ ತರಬೇತಿಗೆ ಹೋಗುತ್ತಾರೆ. ಎಫ್-16 ಕೊಂಡ ದೇಶಗಳ ಪೈಲಟ್ಟುಗಳು ಅರಿಜೋನಾದ ಟೂಸಾನ್ ವಿಮಾನ ನಿಲ್ದಾಣದ ಪಕ್ಕದ ನ್ಯಾಷನಲ್ ಗಾರ್ಡ್ ನೆಲೆಯಲ್ಲಿ ಹಾರಲು ಕಲಿಯುತ್ತಾರೆ. ಟೂಸಾನ್ ಎಂಬ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಮತ್ತೆ ಬರುತ್ತದೆ.

ಬಿಡಿಭಾಗಗಳ ಸಹಕಾರಿ ವ್ಯವಸ್ಥೆಯಂತೂ, ನನ್ನ ಮಟ್ಟಿಗೆ, ಈ ಸೇವೆಯ ಅತ್ಯಂತ ಜಾಣ ಭಾಗ. ಒಂದು ದೇಶ ತನ್ನ ವಿಮಾನಗಳಿಗೆ ವರ್ಷಕ್ಕೆ ಎಷ್ಟು ಬಿಡಿಭಾಗ ಬೇಕಾದೀತೆಂದು ಲೆಕ್ಕ ಹಾಕಿ ಮೊದಲು ಹಣ ಹೂಡುತ್ತದೆ. ಆ ಹಣದಿಂದ ಅಮೆರಿಕದ ಸೇನೆ ತನ್ನ ದಾಸ್ತಾನನ್ನು ಅಷ್ಟರಮಟ್ಟಿಗೆ ಹೆಚ್ಚಿಸಿಕೊಳ್ಳುತ್ತದೆ. ದಾಸ್ತಾನು ತುಂಬಿದ ಮೇಲೆ ಆ ದೇಶ ಅಮೆರಿಕದ ಸೇನೆಯಂತೆಯೇ ಅದೇ ಕಪಾಟಿನಿಂದ ಭಾಗಗಳನ್ನು ಪಡೆಯಬಹುದು. ಹತ್ತು ವಿಮಾನಗಳಿರುವ ಸಣ್ಣ ವಾಯುಪಡೆಯೊಂದು ನೂರಾರು ವಿಮಾನಗಳಿರುವ ವಾಯುಪಡೆಯ ಉಗ್ರಾಣಕ್ಕೆ ಪಾಲುದಾರನಾಗುವುದು ಸಣ್ಣ ಮಾತಲ್ಲ. ಭಾರತವೂ ಸಿ-130ಜೆ, ಸಿ-17 ಸಾಗಣೆ ವಿಮಾನಗಳನ್ನೂ 2020ರಲ್ಲಿ ಕರಾರಾದ 24 ಎಂಎಚ್-60ಆರ್ ಹೆಲಿಕಾಪ್ಟರುಗಳನ್ನೂ ಎಫ್‌ಎಂಎಸ್ ದಾರಿಯಲ್ಲೇ ಪಡೆಯಿತು. 2015ರ ಅಪಾಚೆ ಖರೀದಿಯಲ್ಲಿ ಮಾತ್ರ ಎರಡು ದಾರಿಗಳನ್ನೂ ಬೆರೆಸಿ, ಹೆಲಿಕಾಪ್ಟರಿಗೆ ಕಂಪನಿಯೊಂದಿಗೆ ನೇರ ಕರಾರು, ಆಯುಧ ಮತ್ತು ರೇಡಾರಿಗೆ ಎಫ್‌ಎಂಎಸ್ ಎಂದು ವಿಂಗಡಿಸಿಕೊಂಡಿತು. ಬೆಲೆಯಲ್ಲಿ ಚೌಕಾಸಿ ಮಾಡಬಲ್ಲೆವೆಂಬ ಭರವಸೆಯಿರುವ ಗಿರಾಕಿಗೆ ಈ ಬೆರಕೆ ಒಗ್ಗುತ್ತದೆ.

ಮಾಲು ಒಪ್ಪಿಸುವ ವಿಷಯದಲ್ಲಿ ಹೊಸಬರು ಎಡವುವ ಕಲ್ಲೊಂದಿದೆ. ಸಾಮಗ್ರಿಯ ಒಡೆತನ ಕೊಳ್ಳುವ ದೇಶಕ್ಕೆ ವರ್ಗವಾಗುವುದು ಅದರ ಬಂದರಿನಲ್ಲಲ್ಲ. ಸಾಮಾನ್ಯವಾಗಿ ಅಮೆರಿಕದ ಕಾರ್ಖಾನೆಯಲ್ಲಿ ಲಾರಿಗೆ ಏರಿಸುವ ಜಾಗದಲ್ಲೇ. ಅಲ್ಲಿಂದ ಮುಂದೆ ದಾರಿಯಲ್ಲಿ ಪೆಟ್ಟಿಗೆ ಒಡೆದರೆ, ಕಳೆದುಹೋದರೆ, ಅದು ಗಿರಾಕಿಯ ಮಾಲೇ. ಆದ್ದರಿಂದ ಬಹಳಷ್ಟು ದೇಶಗಳು ಅಮೆರಿಕದಲ್ಲಿ ಸಾಗಣೆಯ ಏಜೆಂಟರನ್ನು ಇಟ್ಟುಕೊಂಡಿರುತ್ತವೆ, ಮತ್ತು ಆ ಏಜೆಂಟರ ವಿಳಾಸ ಪೆಂಟಗನ್ನಿನ ವಿಳಾಸಪಟ್ಟಿಯಲ್ಲಿ ದಾಖಲಾಗಿರಬೇಕು. ಏಜೆಂಟರನ್ನು ಬದಲಿಸಿದ ದೇಶ ಪಟ್ಟಿಯನ್ನು ತಿದ್ದಿಸಲು ಮರೆತರೆ, ಜೆಟ್ ಎಂಜಿನ್ನಿನ ಭಾಗ ಹಳೆಯ ಏಜೆಂಟರ ಗೋದಾಮಿನ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಬಂದ ಪೆಟ್ಟಿಗೆಯಲ್ಲಿ ಎಣಿಕೆ ಕಡಿಮೆಯಿದ್ದರೆ, ಬೇರೆಯದೇ ವಸ್ತುವಿದ್ದರೆ, ಎರಡು ಸಲ ಬಿಲ್ಲಾಗಿದ್ದರೆ ಎಸ್‌ಎಫ್ 364 ಎಂಬ ನಮೂನೆಯಲ್ಲಿ ತಕರಾರು ಸಲ್ಲಿಸಬಹುದು. ಆದರೆ ಅದಕ್ಕೆ ಒಂದು ವರ್ಷದ ಮಿತಿಯಿದೆ, 200 ಡಾಲರಿಗಿಂತ ಕಡಿಮೆ ಬಾಬತ್ತಿನ ದೂರನ್ನು ಕೇಳುವುದೂ ಇಲ್ಲ. ಉಗ್ರಾಣದಲ್ಲಿ ಪೆಟ್ಟಿಗೆಗಳನ್ನು ಬಿಚ್ಚದೆ ಎರಡು ವರ್ಷ ಇಟ್ಟುಕೊಂಡ ದೇಶ ಆಮೇಲೆ ಯಾರನ್ನೂ ದೂರುವಂತಿಲ್ಲ.

ಕಾಯುವ ಅವಧಿಯೇ ಈ ಸೇವೆಯ ಮೇಲಿರುವ ಅತಿ ಸಾಮಾನ್ಯ ದೂರು, ಮತ್ತು ಅದು ನ್ಯಾಯವಾದ ದೂರು. ತೈವಾನ್ 2019ರಲ್ಲಿ 66 ಹೊಸ ಎಫ್-16 ವಿಮಾನಗಳಿಗೆ ಅನುಮೋದನೆ ಪಡೆಯಿತು. ಬೆಲೆ ಸುಮಾರು 800 ಕೋಟಿ ಡಾಲರ್. ಅದರ ಮೊದಲ ವಿಮಾನ ದಕ್ಷಿಣ ಕೆರೊಲಿನಾದ ಗ್ರೀನ್‌ವಿಲ್ ಕಾರ್ಖಾನೆಯಲ್ಲಿ ಹೊರಬಂದದ್ದು 2025ರ ಮಾರ್ಚ್‌ನಲ್ಲಿ. ನಡುವೆ ಆದದ್ದೇನೆಂದರೆ, ತಯಾರಿಕೆಯ ಸಾಲನ್ನು ಟೆಕ್ಸಾಸ್‌ನ ಫೋರ್ಟ್ ವರ್ತ್‌ನಿಂದ ಗ್ರೀನ್‌ವಿಲ್‌ಗೆ ಸ್ಥಳಾಂತರಿಸಿ ಹೊಸ ಕೆಲಸಗಾರರನ್ನು ಪಳಗಿಸಬೇಕಾಯಿತು, ಕೋವಿಡ್ ಬಂತು, ಬಿಡಿಭಾಗಗಳ ಪೂರೈಕೆ ಕುಂಠಿತವಾಯಿತು, ಸಾಫ್ಟ್‌ವೇರ್ ಕೆಲಸವೂ ಹಿಂದೆ ಬಿತ್ತು. ಇದರಲ್ಲಿ ದುರುದ್ದೇಶ ಹುಡುಕಬೇಕಾಗಿಲ್ಲ. ಅಮೆರಿಕದ ಸೇನೆಗೂ ಮಿತ್ರರಾಷ್ಟ್ರಗಳಿಗೂ ಕಾರ್ಖಾನೆ ಒಂದೇ, ಕೆಲಸಗಾರರು ಅವರೇ. ಉಕ್ರೇನ್ ಯುದ್ಧ ಆರಂಭವಾದ ಮೇಲೆ ಸ್ಟಿಂಗರ್, ಜಾವೆಲಿನ್‌ನಂಥ ಕ್ಷಿಪಣಿಗಳ ಸರದಿ ಇನ್ನಷ್ಟು ಉದ್ದವಾಯಿತು. ಪೆಂಟಗನ್ 2022ರಲ್ಲಿ ಇದಕ್ಕೆಂದೇ ಒಂದು ತಂಡವನ್ನು ನೇಮಿಸಿತು, ಮರುವರ್ಷ ಶಿಫಾರಸುಗಳು ಬಂದವು, 2025ರ ಏಪ್ರಿಲ್‌ನಲ್ಲಿ ಅಧ್ಯಕ್ಷರ ಆದೇಶವೊಂದು ಹೊರಟಿತು. ಕಾಗದದ ಕೆಲಸ ಇದರಿಂದ ಬೇಗ ಮುಗಿದೀತು, ಆದರೆ ರಾಕೆಟ್ ಮೋಟಾರು ಆದೇಶದಿಂದ ತಯಾರಾಗುವುದಿಲ್ಲ.

ಅಮೆರಿಕದ ಸಂಸತ್ತಿನ, ಅಂದರೆ ಕಾಂಗ್ರೆಸ್ಸಿನ, ಪಾತ್ರವನ್ನು ನಮ್ಮ ಪತ್ರಿಕೆಗಳು ಇರುವುದಕ್ಕಿಂತ ದೊಡ್ಡದು ಮಾಡಿ ಬರೆಯುತ್ತವೆ. ದೊಡ್ಡ ಮಾರಾಟಗಳನ್ನು ಕಾಂಗ್ರೆಸ್ಸಿಗೆ ಮೊದಲೇ ತಿಳಿಸಬೇಕು. ನ್ಯಾಟೊ ದೇಶಗಳು, ಜಪಾನ್, ಆಸ್ಟ್ರೇಲಿಯಾ, ದಕ್ಷಿಣ ಕೊರಿಯಾ, ಇಸ್ರೇಲ್, ನ್ಯೂಜಿಲೆಂಡ್‌ಗಳ ವಿಷಯದಲ್ಲಿ 15 ದಿನ, ಉಳಿದವರ ವಿಷಯದಲ್ಲಿ 30 ದಿನ. ಆ ಹಂತದ ಪ್ರಕಟಣೆಯಲ್ಲಿರುವ ಮೊತ್ತ ಗರಿಷ್ಠ ಅಂದಾಜೇ ಹೊರತು ಸಹಿಯಾದ ಕರಾರಲ್ಲ. ಮತ ಹಾಕಿ ಮಾರಾಟ ನಿಲ್ಲಿಸಲು ಕಾಂಗ್ರೆಸ್ಸಿಗೆ ಈವರೆಗೆ ಸಾಧ್ಯವಾಗಿಲ್ಲ: 2019ರಲ್ಲಿ ತುರ್ತುಪರಿಸ್ಥಿತಿಯ ಹೆಸರಿನಲ್ಲಿ ಸೌದಿ ಅರೇಬಿಯಾ, ಯುಎಇ, ಜೋರ್ಡನ್‌ಗಳಿಗೆ ಸುಮಾರು 810 ಕೋಟಿ ಡಾಲರಿನ ಮಾರಾಟಗಳನ್ನು ಕಾಂಗ್ರೆಸ್ಸಿನ ಪರಿಶೀಲನೆಗೆ ಕಾಯದೆ ನಡೆಸಲು ಹೊರಟಾಗ ಅಲ್ಲಿ ಅಸಮ್ಮತಿಯ ನಿರ್ಣಯಗಳು ಅಂಗೀಕಾರವಾದವು, ಅಧ್ಯಕ್ಷ ಟ್ರಂಪ್ ವಿಟೊ ಹಾಕಿದರು, ಮಾರಾಟ ನಡೆಯಿತು.

ಕರಾರಿನ ರದ್ದತಿ ಷರತ್ತನ್ನು ನಾನು ಎಲ್ಲಕ್ಕಿಂತ ಮೊದಲು ಓದಿಸುತ್ತೇನೆ. ಅಸಾಧಾರಣ ಹಾಗೂ ಅನಿವಾರ್ಯ ಸಂದರ್ಭದಲ್ಲಿ ತನ್ನ ರಾಷ್ಟ್ರಹಿತ ಬಯಸಿದರೆ ಅಮೆರಿಕ ಕರಾರನ್ನು ಪೂರ್ತಿಯಾಗಿ ಇಲ್ಲವೇ ಭಾಗಶಃ ರದ್ದುಮಾಡಬಹುದು, ತಡೆಹಿಡಿಯಬಹುದು. ರಾಷ್ಟ್ರಹಿತ ಯಾವುದೆಂದು ತೀರ್ಮಾನಿಸುವವರೂ ಅವರೇ. ಪಾಕಿಸ್ತಾನ ಇದರ ರುಚಿ ನೋಡಿದೆ. ಅದು ಎಫ್-16ಗಳಿಗೆ ಹಣ ಕಟ್ಟುತ್ತಿದ್ದಾಗಲೇ, 1990ರ ಅಕ್ಟೋಬರ್‌ನಲ್ಲಿ, ಪಾಕಿಸ್ತಾನದ ಬಳಿ ಅಣ್ವಸ್ತ್ರವಿಲ್ಲವೆಂದು ಪ್ರಮಾಣೀಕರಿಸಲು ಅಮೆರಿಕದ ಅಧ್ಯಕ್ಷರಿಗೆ ಆಗದೆ, ಅಂಥ ಪ್ರಮಾಣವಿಲ್ಲದೆ ಆಯುಧ ಕೊಡಬಾರದೆನ್ನುವ ಪ್ರೆಸ್ಲರ್ ತಿದ್ದುಪಡಿ ಜಾರಿಗೆ ಬಂತು. 65.8 ಕೋಟಿ ಡಾಲರ್ ಸಂದಾಯವಾಗಿತ್ತು. ಸಿದ್ಧವಾದ 28 ವಿಮಾನಗಳು ಮರುಭೂಮಿಯ ಡೇವಿಸ್-ಮಾಂಥನ್ ವಾಯುನೆಲೆಯ ಬಯಲಿನಲ್ಲಿ ನಿಂತವು. ಆ ನೆಲೆ ಇರುವುದು ಟೂಸಾನ್‌ನಲ್ಲೇ. ಊರಿನ ಒಂದು ಬದಿಯಲ್ಲಿ ಬೇರೆ ದೇಶಗಳ ಪೈಲಟ್ಟುಗಳು ಎಫ್-16 ಹಾರಿಸಲು ಕಲಿಯುತ್ತಿದ್ದರೆ, ಇನ್ನೊಂದು ಬದಿಯಲ್ಲಿ ಹಣ ಕೊಟ್ಟವರಿಗೆ ಸಿಗದ ಎಫ್-16ಗಳು ಬಿಸಿಲು ಕಾಯುತ್ತಿದ್ದವು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಮಾತು ಇದಕ್ಕಿಂತ ಚೆನ್ನಾಗಿ ಹೊಂದುವ ಸಂದರ್ಭ ನನಗೆ ಗೊತ್ತಿಲ್ಲ. 1998ರ ಡಿಸೆಂಬರ್‌ನಲ್ಲಿ ರಾಜಿಯಾಗಿ, ಬಾಕಿಯ ದೊಡ್ಡ ಪಾಲು ನಗದಾಗಿ, ಉಳಿದದ್ದು ಗೋಧಿ ಮುಂತಾದ ಸರಕಾಗಿ ಹಿಂದಿರುಗಿತು. ವಿಮಾನಗಳನ್ನು ಕೊನೆಗೆ ಅಮೆರಿಕದ ಪಡೆಗಳೇ ಬಳಸಿಕೊಂಡವು.

ಇರಾನಿನ ಖಾತೆ ಇದಕ್ಕಿಂತ ಹಳೆಯದು. ಷಾ ಆಡಳಿತದಲ್ಲಿ ಇರಾನ್ ಈ ಅಂಗಡಿಯ ಅತಿ ದೊಡ್ಡ ಗಿರಾಕಿಗಳಲ್ಲೊಂದಾಗಿತ್ತು. ಆರ್ಡರು ಮಾಡಿದ 80 ಎಫ್-14 ವಿಮಾನಗಳಲ್ಲಿ 79 ತಲುಪಿದ್ದವು. 1979ರ ಕ್ರಾಂತಿಯಾದಾಗ ಇರಾನಿಗೆಂದು ಗೊತ್ತುಮಾಡಿದ್ದ ನಾಲ್ಕು ಡಿಸ್ಟ್ರಾಯರ್ ಹಡಗುಗಳನ್ನು ಅಮೆರಿಕದ ನೌಕಾಪಡೆ ತಾನೇ ಇಟ್ಟುಕೊಂಡಿತು. ಕಿಡ್ ವರ್ಗವೆಂದು ಹೆಸರಾದ ಆ ಹಡಗುಗಳಿಗೆ ನಾವಿಕರು ಇಟ್ಟ ಅಡ್ಡಹೆಸರು ಆಯತೊಲ್ಲಾ ವರ್ಗ. ಸುಮಾರು ಹದಿನೇಳು ವರ್ಷ ದುಡಿಸಿದ ಮೇಲೆ ಅವೇ ನಾಲ್ಕನ್ನೂ ತೈವಾನಿಗೆ ಮಾರಲಾಯಿತು. ಇರಾನಿನ ಹಣ ಮಾತ್ರ ನಿಧಿಯಲ್ಲೇ ಉಳಿಯಿತು. ಹೇಗ್‌ನ ನ್ಯಾಯಮಂಡಳಿಯಲ್ಲಿ ದಶಕಗಳ ಕಾಲ ವ್ಯಾಜ್ಯ ನಡೆದು, 2016ರ ಜನವರಿಯಲ್ಲಿ 40 ಕೋಟಿ ಡಾಲರ್ ಅಸಲು, 130 ಕೋಟಿ ಡಾಲರ್ ಬಡ್ಡಿ ಎಂದು ಚುಕ್ತಾ ಆಯಿತು. ಮುಂಗಡ ವಾಪಸಾಗಲು ಮೂವತ್ತೇಳು ವರ್ಷ. ಆದರೂ ವಾಪಸಾಯಿತು, ಬಡ್ಡಿ ಸಮೇತ, ಅದೂ ವೈರಿ ದೇಶಕ್ಕೆ ಎಂಬುದನ್ನು ಹೇಳದೆ ಬಿಟ್ಟರೆ ವಿಮರ್ಶೆ ಪಕ್ಷಪಾತದ್ದಾಗುತ್ತದೆ.

ಹಳೆಯ ಮಾಲಿನ ವಿಭಾಗವೂ ಒಂದಿದೆ. ಅಮೆರಿಕಕ್ಕೆ ಬೇಡವಾದದ್ದನ್ನು ಇದ್ದಲ್ಲಿಂದ ಇದ್ದ ಸ್ಥಿತಿಯಲ್ಲೇ ಒಯ್ಯಬೇಕೆಂಬ ಷರತ್ತಿನಲ್ಲಿ ಕಡಿಮೆ ಬೆಲೆಗೆ ಕೊಡುತ್ತಾರೆ, ಕೆಲವೊಮ್ಮೆ ಬಿಟ್ಟಿಯಾಗಿಯೂ. ಸುಮಾರು 4.8 ಕೋಟಿ ಡಾಲರಿಗೆ ಬಂದ ಯುಎಸ್‌ಎಸ್ ಟ್ರೆಂಟನ್ ಎಂಬ ಹಳೆಯ ಹಡಗು 2007ರಲ್ಲಿ ನಾರ್ಫೋಕ್‌ನಲ್ಲಿ ಐಎನ್ಎಸ್ ಜಲಾಶ್ವವಾಗಿ ಭಾರತೀಯ ನೌಕಾಪಡೆಯನ್ನು ಸೇರಿತು. ಸಾವಿರ ಸೈನಿಕರನ್ನು ದಡ ಮುಟ್ಟಿಸಬಲ್ಲ ಹಡಗಿಗೆ ಅದು ಅಗ್ಗವೇ. ಆದರೆ ಆಕ್ರಮಣದ ಕಾರ್ಯಾಚರಣೆಗೆ ನಿರ್ಬಂಧ, ಅಮೆರಿಕದವರು ಬಂದು ತಪಾಸಣೆ ಮಾಡಲು ಅವಕಾಶ ಎಂಬ ಷರತ್ತುಗಳನ್ನು ಒಪ್ಪಿಕೊಂಡದ್ದನ್ನು ಭಾರತದ ಮಹಾಲೇಖಪಾಲರು 2008ರಲ್ಲಿ ಎತ್ತಿ ತೋರಿಸಿದರು.

ಆ ತಪಾಸಣೆ ಹಳೆಯ ಮಾಲಿಗಷ್ಟೇ ಸೀಮಿತವಲ್ಲ. ಗೋಲ್ಡನ್ ಸೆಂಟ್ರಿ ಎಂಬ ಹೆಸರಿನಲ್ಲಿ ಪೆಂಟಗನ್ ತಾನು ಮಾರಿದ ಆಯುಧಗಳ ಬೆನ್ನುಬಿಡದೆ ಲೆಕ್ಕ ಇಡುತ್ತದೆ. ಸ್ಟಿಂಗರ್, ಜಾವೆಲಿನ್, ರಾತ್ರಿ ಕಾಣುವ ಕನ್ನಡಕದಂಥ ಸೂಕ್ಷ್ಮ ವಸ್ತುಗಳಾದರೆ ರಾಯಭಾರ ಕಚೇರಿಯ ಅಧಿಕಾರಿ ಉಗ್ರಾಣಕ್ಕೆ ಬಂದು, ಪೆಟ್ಟಿಗೆ ತೆರೆಸಿ, ಒಂದೊಂದರ ಸರಣಿ ಸಂಖ್ಯೆಯನ್ನೂ ಪಟ್ಟಿಯೊಂದಿಗೆ ತಾಳೆ ನೋಡುತ್ತಾರೆ. ಸ್ಟಿಂಗರಿನ ಕ್ಷಿಪಣಿಯನ್ನೂ ಅದನ್ನು ಹಾರಿಸುವ ಹಿಡಿಕೆಯನ್ನೂ ಒಂದೇ ಕೋಣೆಯಲ್ಲಿ ಇಡುವಂತಿಲ್ಲ. ಹಣ ಕೊಟ್ಟು ಕೊಂಡ ವಸ್ತುವನ್ನು ಬೇರೆಯವರಿಗೆ ಕೊಡಬೇಕಾದರೂ, ಮಾರಬೇಕಾದರೂ, ಗುಜರಿಗೆ ಹಾಕಬೇಕಾದರೂ ಲಿಖಿತ ಒಪ್ಪಿಗೆ ಬೇಕು, ಮತ್ತು ಇದಕ್ಕೆ ಕಾಲಮಿತಿಯಿಲ್ಲ. ನೆದರ್‌ಲ್ಯಾಂಡ್ಸ್ ತನ್ನ ಎಫ್-16ಗಳನ್ನು ಅಮೆರಿಕದಿಂದ ತರಿಸಿದ್ದೂ ಅಲ್ಲ. ಜಂಟಿ ತಯಾರಿಕೆಯ ಒಪ್ಪಂದದಂತೆ ಅವುಗಳನ್ನು ಆಮ್‌ಸ್ಟರ್‌ಡ್ಯಾಮ್ ಪಕ್ಕದ ಸ್ಕಿಪೋಲ್‌ನಲ್ಲಿ ಫೋಕರ್ ಕಾರ್ಖಾನೆಯ ಡಚ್ ಕೆಲಸಗಾರರೇ ಜೋಡಿಸಿದ್ದರು. ದಶಕಗಳ ಕಾಲ ತಾನೇ ಹಾರಿಸಿ ಹಳತಾದ ಆ ವಿಮಾನಗಳನ್ನು ಉಕ್ರೇನಿಗೆ ಕೊಡಲು ಮನಸ್ಸು ಮಾಡಿದಾಗಲೂ ಡಚ್ ಸರ್ಕಾರ ವಾಷಿಂಗ್ಟನ್ನಿನ ಒಪ್ಪಿಗೆಗಾಗಿ 2023ರ ಆಗಸ್ಟ್‌ವರೆಗೆ ಕಾಯಬೇಕಾಯಿತು.